ಟೈಲರಣ್ಣನ ಬಾಗಿಲಿಗೆ ಬರುವ ಬಸ್ಸು

ನಮ್ಮ ಬೀದಿಯ ಬಸ್ ನಿಲ್ದಾಣದ ಕಂಬ ಇದ್ದದ್ದು ಏರಿನ ಮೇಲೆ, ತಿರುವು ಮುಗಿದ ಕೂಡಲೇ. ಬಸ್ಸು ಮಾತ್ರ ಅಲ್ಲಿ ನಿಲ್ಲುತ್ತಿರಲಿಲ್ಲ. ಮೂವತ್ತು ಹೆಜ್ಜೆ ಕೆಳಗೆ, ರಸ್ತೆ ಮಟ್ಟಸವಾಗುವ ಕಡೆ, ಟೈಲರಣ್ಣನ ಅಂಗಡಿ ಬಾಗಿಲಲ್ಲಿ ನಿಲ್ಲುತ್ತಿತ್ತು. ಅದಕ್ಕೆ ಕಾರಣ ನನ್ನ ಅಕ್ಕನ ಮಂಡಿ.

ಅಕ್ಕ ದಿನಾ ಹತ್ತೂವರೆ ಬಸ್ಸಿಗೆ ಹೋಗುತ್ತಾಳೆ. ಭಾವನಿಗೆ ಲಕ್ವ ಹೊಡೆದು ಎರಡು ವರ್ಷವಾಯಿತು, ಆರೈಕೆ ಮನೆಯಲ್ಲಿದ್ದಾರೆ. ಮಾತಿಲ್ಲ, ಬಲಗೈ ಏಳುವುದಿಲ್ಲ. ಅಲ್ಲಿನ ನರ್ಸುಗಳು ಒಳ್ಳೆಯವರೇ, ಆದರೆ ಮಧ್ಯಾಹ್ನದ ಊಟ ಅಕ್ಕನ ಕೈಯಿಂದಲೇ ಆಗಬೇಕು. ಬೇರೆ ಯಾರು ಚಮಚ ಹಿಡಿದರೂ ಬಾಯಿ ಬಿಗಿದುಕೊಂಡು ಗೋಡೆ ಕಡೆ ತಿರುಗುತ್ತಾರೆ. ದುಡಿಯುವ ಕಾಲದಲ್ಲಿ ಅವರು ಸಾರಿಗೆ ಇಲಾಖೆಗೆ ರಸ್ತೆ ಮೇಲೆ ಬಣ್ಣ ಬಳಿಯುತ್ತಿದ್ದವರು. ನಮ್ಮ ಕಂಬದ ಬುಡದಲ್ಲಿ ‘ಬಸ್ಸು’ ಎಂದು ಬರೆದದ್ದೂ ಅವರೇ.

ಒಂದು ದಿನ ಅಕ್ಕ ಮಂಡಿ ನೋವಿಗೆ ಏರು ಹತ್ತಲಾರದೆ ಅರ್ಧದಲ್ಲೇ ಕೈಯೆತ್ತಿ ನಿಂತಿದ್ದಳು. ನಾವೆಲ್ಲ ‘ಡ್ರೈವರ್ ತಮ್ಮ’ ಎಂದು ಕರೆಯುವ ಹುಡುಗ ಬಸ್ಸು ನಿಲ್ಲಿಸಿ, “ಅಕ್ಕಾ, ನಾಳೆಯಿಂದ ನೀವು ಹತ್ತಬೇಡಿ. ನಾನೇ ಇಳಿದು ಬರ್ತೀನಿ” ಅಂದ. ಟೈಲರಣ್ಣ ಒಂದು ಸ್ಟೂಲು ಹೊರಗಿಟ್ಟ. ಅಕ್ಕ ಅಲ್ಲಿ ಕೂತಳು, ಮಿಕ್ಕವರೂ ಒಬ್ಬೊಬ್ಬರಾಗಿ ಅಲ್ಲೇ ಬಂದು ನಿಂತರು. ಕಂಬದ ಕಡೆ ಯಾರೂ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಆಮೇಲೆ ಇಲಾಖೆಯವರು ಊರಿನ ಬೀದಿಗಳನ್ನೆಲ್ಲ ಸುಧಾರಿಸಲು ಹೊರಟರು. ಯಾವ ಕಂಬದಲ್ಲಿ ಎಷ್ಟು ಜನ ಬಸ್ಸು ಹತ್ತುತ್ತಾರೆಂದು ನೋಡಲು ಟೋಪಿ ಹಾಕಿದ ಹಿರಿಯ ಗುಮಾಸ್ತರೊಬ್ಬರು ಬಂದರು. ಕಂಬದ ಬುಡದಲ್ಲಿ ಮಡಚುವ ಕುರ್ಚಿ ಬಿಚ್ಚಿ ಕೂತರು. ಕೈಯಲ್ಲಿ ಒತ್ತಿದರೆ ಟಿಕ್ಕೆನ್ನುವ ಪುಟ್ಟ ಯಂತ್ರ. ಸಂಜೆವರೆಗೂ ಅದು ಒಮ್ಮೆಯೂ ಟಿಕ್ಕೆನ್ನಲಿಲ್ಲ. ನಾವು ಕೆಳಗೆ ನಿಂತು, “ಪಾಪ, ಯಾರಿಗೋ ಕಾಯ್ತಾ ಇದ್ದಾರೆ” ಅಂದುಕೊಂಡೆವು. ಅವರಿಗೆ ನಮ್ಮ ಬೀದಿಯವರು ‘ಎಣಿಕೆಯಪ್ಪ’ ಎಂದು ಹೆಸರಿಟ್ಟದ್ದು ಆಮೇಲೆ.

ಎರಡು ವಾರಕ್ಕೆ ಕಂಬದ ಮೇಲೆ ನೋಟೀಸು ಬಂತು. ನಾನೇ ಓದಿ ಹೇಳಿದೆ. ಈ ನಿಲ್ದಾಣದಲ್ಲಿ ಪ್ರಯಾಣಿಕರ ಸಂಖ್ಯೆ ಸೊನ್ನೆ. ಬರುವ ತಿಂಗಳಿಂದ ಬಸ್ಸು ನಿಲ್ಲುವುದಿಲ್ಲ. ಈ ಜಾಗದಲ್ಲಿ ನಾಲ್ಕು ಕಾರುಗಳಿಗೆ ಪಾರ್ಕಿಂಗ್.

“ಸೊನ್ನೇನಾ?” ಅಂದಳು ಅಕ್ಕ. “ಇಷ್ಟು ದಪ್ಪ ಇದ್ದೀನಿ, ಆ ಮನುಷ್ಯನ ಕಣ್ಣಿಗೆ ಬೀಳಲಿಲ್ವಾ?”

“ನಿನಗೇನು ಬಿಡು ಟೈಲರಣ್ಣ, ಗಿರಾಕಿಗಳ ಕಾರಿಗೆ ಜಾಗ ಆಯ್ತು” ಎಂದು ನಾನು ಚುಚ್ಚಿದೆ.

“ಕಾರಲ್ಲಿ ಬರೋರು ರೆಡಿಮೇಡ್ ತಗೋತಾರೆ ಕಣಮ್ಮ. ನನ್ನ ಹತ್ರ ಹೊಲಿಸೋರೆಲ್ಲ ಬಸ್ಸಲ್ಲೇ ಬರೋದು.”

ಮುಂದಿನ ನಿಲ್ದಾಣ ಸಿಗ್ನಲ್ ದಾಟಿ ಕಾಲು ಗಂಟೆ ದಾರಿ, ಅದೂ ಗಟ್ಟಿ ಕಾಲಿದ್ದವರಿಗೆ. ಅಕ್ಕ ಊಟದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, “ನಾನು ಹೋಗದಿದ್ರೆ ಅವರು ಉಣ್ಣಲ್ಲ ಕಣೇ” ಅಂದಳು. ಆಮೇಲೆ ಯಾರೂ ತಮಾಷೆ ಮಾಡಲಿಲ್ಲ.

ನಾನೂ ಟೈಲರಣ್ಣನೂ ಇಲಾಖೆ ಕಚೇರಿಗೆ ಹೋದೆವು. ಕಿಟಕಿಯ ಹಿಂದೆ ಅದೇ ಟೋಪಿ.

“ಬಸ್ಸು ಕೆಳಗೆ ನಿಂತದ್ದು ಕಂಡೆ. ಸಿಗ್ನಲ್ಲಿಗೆ ನಿಂತಿದೆ ಅಂದುಕೊಂಡೆ” ಅಂದರು ಎಣಿಕೆಯಪ್ಪ. “ಗುರುವಾರ ಇನ್ನೊಮ್ಮೆ ಎಣಿಸ್ತೀನಿ. ಆದ್ರೆ ಕಂಬದ ಹತ್ರ ಬಸ್ಸು ಹತ್ತಿದ್ರೇನೇ ಲೆಕ್ಕ.”

ಮನೆಮನೆಗೂ ಹೋಗಿ ಹೇಳಿದೆವು. ಗುರುವಾರ ಹತ್ತು ಗಂಟೆಗೆ ನಾನು ಅಕ್ಕನ ತೋಳು ಹಿಡಿದು ಏರು ಹತ್ತಿಸಿದೆ. ಮೂವತ್ತು ಹೆಜ್ಜೆಗೆ ನಾಲ್ಕು ಕಡೆ ನಿಂತಳು. “ನಿಮ್ಮ ಭಾವ ಇನ್ನೊಂಚೂರು ಕೆಳಗೆ ಬರೆದಿದ್ರೆ ಇವರ ಗಂಟೇನು ಹೋಗ್ತಿತ್ತು?” ಎಂದು ಬೈದಳು. ಕಂಬದ ಸುತ್ತ ಹತ್ತೊಂಬತ್ತು ಜನ ಸೇರಿದ್ದೆವು. ಎಣಿಕೆಯಪ್ಪ ಯಂತ್ರದ ಮೇಲೆ ಹೆಬ್ಬೆರಳಿಟ್ಟು ಕೂತಿದ್ದರು.

ಬಸ್ಸು ತಿರುವಿನಲ್ಲಿ ಕಾಣಿಸಿತು. ನಾವೆಲ್ಲ ಕೈಯೆತ್ತಿದೆವು. ಬಸ್ಸು ಭರ್ರನೆ ನಮ್ಮನ್ನು ದಾಟಿ ಇಳಿದು, ಟೈಲರಣ್ಣನ ಬಾಗಿಲಲ್ಲಿ ಹೋಗಿ ನಿಂತಿತು.

ಬೀದಿಗೆಲ್ಲ ಹೇಳಿದ್ದೆವು, ಡ್ರೈವರ್ ತಮ್ಮನಿಗೊಬ್ಬನಿಗೇ ಹೇಳಿರಲಿಲ್ಲ!

ಅವನ ಕಣ್ಣೆಲ್ಲ ಸ್ಟೂಲಿನ ಮೇಲೆ. ಸ್ಟೂಲು ಖಾಲಿ. ಬಸ್ಸಿಂದ ಧುಮುಕಿ ಅಂಗಡಿಯೊಳಗೆ ಇಣುಕಿ, “ಅಕ್ಕನಿಗೇನಾಯ್ತು? ಯಾರಾದ್ರೂ ಹೇಳ್ರೋ!” ಎಂದು ಕೂಗಿದ್ದು ನಮಗೆ ಮೇಲಕ್ಕೂ ಕೇಳಿಸಿತು.

“ಇಲ್ಲಿದ್ದೀನಿ ಕಣೋ, ಬದುಕಿದ್ದೀನಿ!” ಎಂದು ಅಕ್ಕ ಕಿರುಚಿದಳು.

ಅವನು ಓಡುತ್ತಾ ಏರು ಹತ್ತಿ ಬಂದ. ಮುಖ ಬಿಳಿಚಿಕೊಂಡಿತ್ತು. “ಇಂಥ ಮಂಡಿ ಇಟ್ಕೊಂಡು ಇಲ್ಲಿಗ್ಯಾಕೆ ಬಂದ್ರಿ? ನನ್ನ ಜೀವ ಬಾಯಿಗೆ ಬಂದಿತ್ತು” ಎಂದು ಬೈಯುತ್ತಲೇ ಅವಳ ಇನ್ನೊಂದು ತೋಳು ಹಿಡಿದ. ಬಸ್ಸಿನೊಳಗಿನವರು ಕಿಟಕಿಯಿಂದ ಕತ್ತು ಚಾಚಿ, “ನಮಗೂ ಕೆಲಸ ಇದೆ ಸ್ವಾಮಿ” ಅನ್ನುತ್ತಿದ್ದರು.

ಎಣಿಕೆಯಪ್ಪ ಒಂದು ಗಳಿಗೆ ಕಂಬ ನೋಡಿದರು, ಒಂದು ಗಳಿಗೆ ಬಸ್ಸು ನೋಡಿದರು. ಈಗಲೂ ಯಂತ್ರದಲ್ಲಿ ಸೊನ್ನೆಯೇ. ಅವರು ಎದ್ದು ಕುರ್ಚಿ ಮಡಚಿ ಕಂಕುಳಲ್ಲಿಟ್ಟುಕೊಂಡು ನಮ್ಮ ಹಿಂದೆಯೇ ಇಳಿದು ಬಂದರು. ಟೈಲರಣ್ಣನ ಬಾಗಿಲಲ್ಲಿ ಕುರ್ಚಿ ಬಿಚ್ಚಿದರು.

“ಹ್ಞಾಂ, ಈಗ ಹತ್ತಿ. ನೂಕಬೇಡಿ, ಒಬ್ಬೊಬ್ಬರಾಗಿ.”

ಟಿಕ್, ಟಿಕ್, ಟಿಕ್. ಅಕ್ಕ ಕೊನೆಗೆ ಹತ್ತಿದಳು. ಅವಳಿಗೆ ಯಂತ್ರ ಎರಡು ಸಲ ಟಿಕ್ಕೆಂದಿತು ಎಂದು ಟೈಲರಣ್ಣ ಇವತ್ತಿಗೂ ಆಣೆ ಮಾಡುತ್ತಾನೆ.

ಕಾರುಗಳಿಗೆ ಏರಿನ ಮೇಲೇ ಜಾಗವಾಯಿತು. ಕಂಬವನ್ನು ಕಿತ್ತು ಕೆಳಗೆ ನೆಟ್ಟರು, ಪಕ್ಕದಲ್ಲಿ ಒಂದು ಬೆಂಚು ಹಾಕಿದರು. ಅಕ್ಕ ಮಾತ್ರ ಈಗಲೂ ಸ್ಟೂಲಿನ ಮೇಲೇ ಕೂರುತ್ತಾಳೆ, ಬೆಂಚು ತಣ್ಣಗಿರುತ್ತದಂತೆ.

ಕಂಬ ಕೆಳಗೆ ಬಂದ ಮೊದಲ ದಿನ ನಾನೂ ಅಕ್ಕನ ಜೊತೆ ಆರೈಕೆ ಮನೆಗೆ ಹೋಗಿದ್ದೆ. ಅಕ್ಕ ಡಬ್ಬಿ ಬಿಚ್ಚುತ್ತಾ, “ಕೇಳಿದ್ರಾ, ನೀವು ಬರೆದ ಅಕ್ಷರ ಅಳಿಸಿ ಕಾರು ನಿಲ್ಲಿಸಿದ್ದಾರೆ. ಹೊಸದಾಗಿ ಟೈಲರಣ್ಣನ ಬಾಗಿಲ ಹತ್ರ ಬರೆದಿದ್ದಾರೆ. ನಿಮ್ಮಷ್ಟು ಚೆನ್ನಾಗಿಲ್ಲ ಬಿಡಿ, ಒತ್ತಕ್ಷರ ವಾಲಿದೆ” ಅಂದಳು.

ಭಾವನ ಬಾಯಿ ತೆರೆದುಕೊಂಡಿತು. ನಗಲಿಕ್ಕೋ ಊಟಕ್ಕೋ ನನಗೆ ತಿಳಿಯಲಿಲ್ಲ. ಅಕ್ಕ ತಡಮಾಡದೆ ಚಮಚ ಬಾಯಿಗಿಟ್ಟಳು.