ಸಲಹಾ ಪೆಟ್ಟಿಗೆಯ ಹನ್ನೊಂದನೇ ಚೀಟಿ

ಎಲ್ಲಿಂದ ಶುರು ಮಾಡಲಿ? ಮೊದಲ ಡ್ರಾಫ್ಟನ್ನು ದಾವಣಗೆರೆಯ ಹೋಟೆಲೊಂದರಿಂದ ಶುರು ಮಾಡಿದ್ದೆ. ಮೂರು ದಿನದ ಲೀಡರ್‌ಶಿಪ್ ತರಬೇತಿ, ಕೊರಳಿಗೆ ಬ್ಯಾಡ್ಜು, ಊಟಕ್ಕೆ ಎರಡು ಬಗೆಯ ಸಿಹಿ. ಹರಿದು ಹಾಕಿದೆ. ನಾನು ಬರೆಯಹೊರಟಿದ್ದು ತಮಾಷೆಯ ಕಥೆ ಓದುಗರೇ, ಅದು ನನ್ನ ಕೈಯಲ್ಲಿ ಉಳಿಯಲಿಲ್ಲ. ಆದದ್ದನ್ನು ಆದ ಹಾಗೆ ಹೇಳಿಬಿಡುತ್ತೇನೆ.

೧

ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಮಿಲ್ಲು ನಡೆಸುವ ವಿಶ್ವನಾಥ್ ಆ ತರಬೇತಿ ಮುಗಿಸಿ ಬಂದವನೇ ಆಫೀಸಿನ ಗೋಡೆಗೆ ಸಲಹಾ ಪೆಟ್ಟಿಗೆಯೊಂದನ್ನು ಹೊಡೆಸಿದ.

“ಹೆಸ್ರು ಬರೀಬ್ಯಾಡ್ರಿ. ಮನಸಿನಾಗೆ ಇದ್ದಿದ್ದು ಬರೀರಿ. ಸೋಮವಾರ ಎಲ್ರ ಮುಂದೆ ನಾನೇ ಓದ್ತೀನಿ. ಯಾರ ಮ್ಯಾಲೂ ಸಿಟ್ಟಾಗಲ್ಲ.”

(ಇದಕ್ಕೆ ಟ್ರಾನ್ಸ್‌ಪರೆನ್ಸಿ ಎನ್ನುತ್ತಾರಂತೆ. ಇಲ್ಲೊಂದು ಜೋಕು ಹಾಕಿದ್ದೆ. ನಾಚಿಕೆಯಾಗಿ ತೆಗೆದೆ.)

೨

ಸೋಮವಾರ ಹತ್ತು ಚೀಟಿಗಳು ನಗುನಗುತ್ತಲೇ ಮುಗಿದವು. ಟೀಗೆ ಸಕ್ಕರೆ ಸಾಲದು. ಪಾಯಿಖಾನೆಗೆ ಚಿಲಕವಿಲ್ಲ. ಹನ್ನೊಂದನೆಯದನ್ನೂ ವಿಶ್ವನಾಥ್ ಅದೇ ಹುರುಪಿನಲ್ಲಿ ಬಿಡಿಸಿದ.

“ಬೊಮ್ಮಲಿಂಗಪ್ಪ ಅವತ್ತು ಕುಡಿದಿರಲಿಲ್ಲ. ಬೆಲ್ಟಿನ ಜಾಲರಿ ತೆಗೆಸಿದ್ದು...”

ದನಿ ಅಲ್ಲೇ ನಿಂತಿತು.

“ತೆಗೆಸಿದ್ದು ಯಾರಂತೆ? ಓದ್ರಿ” ಎಂದ ಹಮಾಲಿ ಮುದ್ದಪ್ಪ.

ವಿಶ್ವನಾಥ್ ಚೀಟಿಯನ್ನು ಮಡಚತೊಡಗಿದ.

“ಸಾವ್ಕಾರ್ರು ಅಂತ ಐತೆ.” ಹಿಂದಿನಿಂದ ಹೇಳಿದವಳು ಮಿಲ್ಲಿನ ಲೆಕ್ಕ ಬರೆಯುವ ಗಂಗಾಂಬಿಕಾ. “ಚೀಟಿ ಬರ್ದಿದ್ದು ನಾನೇ. ರಿಜಿಸ್ಟರ್‌ನಾಗೆ ಸುಳ್ಳು ಬರ್ದಿದ್ದೂ ನಾನೇ. ನೀವು ಹೇಳಿದ್ರಿ, ಬರ್ದೆ.”

ಹದಿನಾಲ್ಕು ತಿಂಗಳ ಹಿಂದಿನ ಮಾತು. ಯಂತ್ರ ತೊಳೆಯಲು ತಡವಾಗುತ್ತದೆಂದು ಬೆಲ್ಟಿಗೆ ಅಡ್ಡವಿದ್ದ ಕಬ್ಬಿಣದ ಜಾಲರಿಯನ್ನು ವಿಶ್ವನಾಥ್ ಬಿಚ್ಚಿಸಿದ್ದ. ನಾಲ್ಕನೇ ದಿನ ಯಂತ್ರದ ಕೆಲಸದಲ್ಲಿದ್ದ ಬೊಮ್ಮಲಿಂಗಪ್ಪನ ಬಲಗೈ ಬೆಲ್ಟಿಗೆ ಸಿಕ್ಕಿ ಮಣಿಕಟ್ಟಿನವರೆಗೆ ಹೋಯಿತು. ಅಪಘಾತದ ರಿಜಿಸ್ಟರಿನಲ್ಲಿ ‘ಮದ್ಯಪಾನ ಮಾಡಿ ಯಂತ್ರದ ಬಳಿ ಹೋಗಿದ್ದ’ ಎಂದು ಬರೆಸಲಾಯಿತು. ಪರಿಹಾರ ಸಿಗಲಿಲ್ಲ.

ನಾನು ಪೆನ್ನು ಕೆಳಗಿಟ್ಟೆ.

೩

ವಿಶ್ವನಾಥ್ ನನ್ನೊಡನೆ ಜಗಳಕ್ಕೆ ಬಂದ. “ಸಾರ್, ಡ್ರಾಫ್ಟ್‌ನಾಗೆ ನಾನು ಚೀಟಿ ಹರಿದೆ ಅಂತ ಬರ್ದಿದ್ದೀರಲ್ಲ, ನಾನು ಹರೀಲಿಲ್ಲ.” ನಿಜ, ಹರಿಯಲಿಲ್ಲ. ಮಡಚಿ ಜೇಬಿನಲ್ಲಿಟ್ಟುಕೊಂಡ. ತಿದ್ದಿದೆ.

ಗಂಗಾಂಬಿಕಾಳದು ಇನ್ನೊಂದು ತಕರಾರು. “ನನ್ನ ಧೈರ್ಯವಂತೆ ಅಂತ ಬರೀಬ್ಯಾಡ್ರಿ. ಹದಿನಾಲ್ಕು ತಿಂಗ್ಳು ಸಂಬಳ ತಗಂಡು ಬಾಯಿ ಮುಚ್ಕಂಡಿದ್ದೆ.” ಅದನ್ನೂ ಅಳಿಸಿದೆ.

(ನಾಲ್ಕನೇ ಭಾಗದಲ್ಲಿ ವಿಶ್ವನಾಥ್ ಎರಡು ಪುಟ ಅತ್ತಿದ್ದ. ಕೈಬಿಟ್ಟಿದ್ದೇನೆ.)

೫

ಮರುದಿನ ವಿಶ್ವನಾಥ್, ಗಂಗಾಂಬಿಕಾ ಇಬ್ಬರೂ ರಿಜಿಸ್ಟರ್ ಹಿಡಿದು ಕಾರಿನಲ್ಲಿ ಮೊಳಕಾಲ್ಮುರು ದಾಟಿ ದೇವಸಮುದ್ರಕ್ಕೆ ಹೋದರು. ಬೊಮ್ಮಲಿಂಗಪ್ಪ ಮನೆಯಲ್ಲಿರಲಿಲ್ಲ. ಹೆಂಡತಿ ಸಿದ್ದಕ್ಕ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೂರಿ ಎನ್ನಲಿಲ್ಲ.

“ತಪ್ಪಾಗೈತೆ ಸಿದ್ದಕ್ಕ” ಎಂದ ವಿಶ್ವನಾಥ್. “ನಿನ್ ಗಂಡ ಕುಡಿದಿರ್ಲಿಲ್ಲ ಅಂತ ನಾನೇ ಬರ್ದು ಸೈನ್ ಮಾಡ್ತೀನಿ. ಪರಿಹಾರನೂ ಕೊಡ್ತೀನಿ.”

ಇಲ್ಲಿ ಸಿದ್ದಕ್ಕನಿಗೆ ನಾನೊಂದು ಮಾತು ಕೊಟ್ಟಿದ್ದೆ, ‘ಈಗಲಾದ್ರೂ ಕಣ್ ತೆರೆದ್ರಲ್ಲ’ ಎಂದು. ಅವಳು ಅದನ್ನು ಆಡಲೇ ಇಲ್ಲ.

“ಅವಾಗ ಕುಡೀತಿರ್ಲಿಲ್ಲರೀ ಸಾವ್ಕಾರ್ರೆ. ಒಂದು ಹನಿ ಮುಟ್ಟಿದೋನಲ್ಲ. ನೀವು ಬರೆದ ಮ್ಯಾಲೆ ಊರೆಲ್ಲ ಕುಡುಕ ಅಂತು. ಯಾರೂ ಕೆಲಸಕ್ಕೆ ಕರೀಲಿಲ್ಲ. ನನ್ನ ತವ್ರುಮನ್ಯಾಗೂ ಅಂದ್ರು.” ಬೀಜವೊಂದನ್ನು ಅಂಗಳಕ್ಕೆ ಎಸೆದಳು. “ಈಗ ಕುಡೀತಾನೆ.”

ವಿಶ್ವನಾಥನ ಕೈಯಲ್ಲಿ ತೆರೆದ ರಿಜಿಸ್ಟರ್ ಹಾಗೇ ಇತ್ತು.

“ಅದ್ರಾಗೆ ಈಗ ಏನ್ ತಿದ್ತೀರಿ, ತಿದ್ರಿ. ನೋಡ್ತೀನಿ.”

ನಾನು ಈ ಮಾತಿಗೆ ಸಿದ್ಧನಿರಲಿಲ್ಲ. ಇಷ್ಟು ವರ್ಷ ಬರೆದವನಿಗೂ ಇದು ಹೊಳೆದಿರಲಿಲ್ಲ.

೬

ಮುಕ್ತಾಯಗಳು ಬೇಕೆ? ಒಂದು: ವಿಶ್ವನಾಥ್ ಪೊಲೀಸ್ ಠಾಣೆಗೆ ಹೋಗಿ ತಪ್ಪೊಪ್ಪಿಕೊಂಡ. ಇನ್ನೊಂದು: ಪರಿಹಾರ ಕೊಟ್ಟ, ಬೊಮ್ಮಲಿಂಗಪ್ಪ ಕುಡಿತ ಬಿಟ್ಟ, ಎಲ್ಲರೂ ಚಪ್ಪಾಳೆ ತಟ್ಟಿದರು. (ಇದನ್ನು ತರಬೇತಿಯಲ್ಲಿ ಕೇಸ್ ಸ್ಟಡಿ ಮಾಡಬಹುದು.)

ಸಿದ್ದಕ್ಕ ನನ್ನತ್ತ ತಿರುಗಿದಳು. “ನೀವ್ಯಾರ್ರಿ ಮುಗ್ಸೋಕೆ? ಆತ ಇನ್ನಾ ಮನೀಗೆ ಬಂದಿಲ್ಲ. ಕೆಲಸ ಕೇಳ್ಕಂಡು ಬೆಳಿಗ್ಗೆನೇ ಮೊಳಕಾಲ್ಮುರಿಗೆ ಹೋಗ್ಯಾನೆ.”

ಹಾಗಾಗಿ ಎಲ್ಲರೂ ಕಾದರು. ವಿಶ್ವನಾಥ್ ಬಿಸಿಲಲ್ಲೇ ನಿಂತಿದ್ದ. ಮೂರೂವರೆಗೆ ಬಸ್ಸು ಬಂತು. ಕುರಿಗಳು ದಾರಿ ಬಿಡಲಿಲ್ಲ, ಡ್ರೈವರ್ ಹಾರ್ನ್ ಹೊಡೆದ. ಹಿಂಬಾಗಿಲಿನಿಂದ ಬೊಮ್ಮಲಿಂಗಪ್ಪ ಇಳಿದು, ಮನೆಯ ಮುಂದೆ ನಿಂತ ಕಾರು ನೋಡಿ, ನಡೆಯತೊಡಗಿದ.

ಹೇಗೆ ನಡೆದ, ನೆಟ್ಟಗೋ ತೂರಾಡುತ್ತಲೋ ಎಂದು ಕೇಳುತ್ತಿದ್ದೀರಿ. ಬರೆಯುವುದಿಲ್ಲ. ಆ ಮನುಷ್ಯನ ಬಗ್ಗೆ ನೋಡದವರು ಬರೆದದ್ದು ಸಾಕು.