ಮನೆಯ ಮೂಟೆ ಆರಿಸಿದ ಗಂಡುಗುದುರೆ

ಕನ್ನಡಕದ ಅಂಗಡಿ ನಡೆಸುತ್ತಿದ್ದ ಆತನಿಗೆ ಹೆಂಡತಿಯ ತವರಿನಲ್ಲಿ ಬಿದ್ದ ಹೆಸರು ‘ಮೂಟೆ’. ಕುದುರೆಯ ಮೇಲೆ ಕೂತರೆ ಅಕ್ಕಿ ಮೂಟೆ ಹೇರಿದ ಹಾಗೆ ಕಾಣುತ್ತಿದ್ದನಂತೆ. ಮೂಟೆಯಾದರೂ ಬಿಗಿದು ಕಟ್ಟಿದರೆ ಅಲ್ಲಾಡದೆ ಇರುತ್ತದೆ, ಈತ ಅದೂ ಅಲ್ಲ ಎಂದು ಹೆಂಡತಿಯ ಅಣ್ಣ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಹೇಳಲಿ ಬಿಡಿ. ಆ ಮನೆಯಲ್ಲಿ ಮೂಟೆ ಅನ್ನುವುದು ಬೈಗುಳವಲ್ಲ, ಹುದ್ದೆ.

ಅವರದು ಕುದುರೆ ಸಾಕಿ ಮಾರುವ ಕಸುಬು. ರೇಸಿನ ಕುದುರೆಗಳಲ್ಲ, ಮೆಡಲು ಗೆಲ್ಲುವ ದೊಡ್ಡ ಸವಾರರ ಕುದುರೆಗಳೂ ಅಲ್ಲ. ವಾರವಿಡೀ ಹಲ್ಲು ಕೀಳುವ ಡಾಕ್ಟರು, ಬಸ್ಸು ಓಡಿಸುವವನು, ಲೆಕ್ಕದ ಟೀಚರಮ್ಮ, ಇಂಥವರು ಭಾನುವಾರ ಬಂದು ಹತ್ತುವ ಕುದುರೆಗಳು. ಅವರಿಗೂ ಅಡ್ಡಕಂಬ ಹಾರಿಸುವ ಆಸೆ ಇರುತ್ತದೆ, ಸಣ್ಣಪುಟ್ಟ ಸ್ಪರ್ಧೆಗೆ ಹೋಗಿ ಒಂದು ರಿಬ್ಬನ್ ಗೆದ್ದು ಬರುವ ಆಸೆ ಇರುತ್ತದೆ. ಸೋಮವಾರ ಬೆಳಿಗ್ಗೆ ಕೈಕಾಲು ನೆಟ್ಟಗಿಟ್ಟುಕೊಂಡು ಕೆಲಸಕ್ಕೆ ಹೋಗಬೇಕೆನ್ನುವ ಆಸೆಯಂತೂ ಎಲ್ಲಕ್ಕಿಂತ ದೊಡ್ಡದು. ಕಂಬವನ್ನೂ ಹಾರಬೇಕು, ಮೇಲೆ ಕೂತವನ ತಪ್ಪನ್ನೂ ನುಂಗಿಕೊಳ್ಳಬೇಕು. ಅಂಥ ಕುದುರೆ ಹುಟ್ಟಿಸುವುದು ಹುಡುಗಾಟವೇ?

ಅದಕ್ಕೇ ಮಾವನವರು ಬದುಕಿದ್ದಾಗ ಒಂದು ಪದ್ಧತಿ ಹಾಕಿದ್ದರು. ಹೆಣ್ಣುಗುದುರೆಗೆ ಗಂಡು ನೋಡಲು ಹೋದಾಗ, ಮನೆಯಲ್ಲಿ ಎಲ್ಲರಿಗಿಂತ ಕೆಟ್ಟ ಸವಾರ ಯಾರೋ ಅವನನ್ನೇ ಆ ಗಂಡುಗುದುರೆಯ ಮೇಲೆ ಹತ್ತಿಸಬೇಕು. “ಒಳ್ಳೆ ಸವಾರ ಕೂತ್ರೆ ಕತ್ತೆನೂ ಕುದುರೆ ಹಾಗೆ ಕಾಣುತ್ತೆ. ಕೆಟ್ಟವನನ್ನ ಕೂರ್ಸಿ, ಆಗ ಕುದುರೆ ಬಣ್ಣ ಬಯಲಾಗುತ್ತೆ,” ಅನ್ನುತ್ತಿದ್ದರು. ಅವರ ಮಗಳನ್ನು ಮದುವೆಯಾಗುತ್ತೇನೆಂದು ಆತ ಕೇಳಲು ಹೋದ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ.

“ಕುದುರೆ ಹತ್ತೋಕೆ ಬರುತ್ತಾ?”

“ಇಲ್ಲ ಸಾರ್. ಹತ್ರ ಹೋಗೋಕೂ ಭಯ.”

“ಭೇಷ್. ಈ ಮನೆಗೆ ಅಂಥೋರೊಬ್ರು ಬೇಕಾಗಿತ್ತು.”

ಹೀಗೆ ಆತನಿಗೆ ಹೆಂಡತಿಯೂ ಸಿಕ್ಕಳು, ಹುದ್ದೆಯೂ ಸಿಕ್ಕಿತು. ಮಾವ ಹೋದ ಮೇಲೆ ಲಾಯ ಹೆಂಡತಿಯ ಕೈಗೆ ಬಂತು. ಅವಳೋ ಕುದುರೆಯ ಮೇಲೇ ಹುಟ್ಟಿದವಳ ಹಾಗೆ ಕೂರುವವಳು. ಯಾವ ಗಂಡುಗುದುರೆ ನೋಡಲು ಹೊರಟರೂ ಆತ ಅಂಗಡಿಗೆ ಬಾಗಿಲು ಹಾಕಿ ಜೊತೆಗೆ ಹೋಗುತ್ತಿದ್ದ, ಹತ್ತುತ್ತಿದ್ದ, ಆಚೆ ಈಚೆ ವಾಲುತ್ತಿದ್ದ, ಬೀಳುತ್ತಿದ್ದ. ಅವಳು ಕುದುರೆಯನ್ನು ನೋಡುತ್ತಿದ್ದಳೇ ಹೊರತು ಗಂಡನನ್ನಲ್ಲ.

ಈಗ ವಿಷಯಕ್ಕೆ ಬರೋಣ. ಲಾಯದಲ್ಲಿ ಒಂದು ಹೆಣ್ಣುಗುದುರೆ ಇತ್ತು, ಎಲ್ಲರೂ ಅದನ್ನು ‘ದೊಡ್ಡಮ್ಮ’ ಅನ್ನುತ್ತಿದ್ದರು. ಹಲ್ಲಿನ ಡಾಕ್ಟರು, ಟೀಚರಮ್ಮ ಹತ್ತುವ ಕುದುರೆಗಳೆಲ್ಲ ಅವಳ ಮಕ್ಕಳೇ. ಪಶುವೈದ್ಯರು ಈ ಸಲ ಅವಳನ್ನು ನೋಡಿ, ಇನ್ನೊಂದೇ ಬಸಿರು, ಆಮೇಲೆ ಅವಳಿಗೆ ತೊಂದರೆ ಕೊಡಬೇಡಿ ಎಂದುಬಿಟ್ಟರು. ಕೊನೆಯ ಮರಿ. ಗಂಡಿನ ಆಯ್ಕೆಯಲ್ಲಿ ಎಡವಿದರೆ ತಿದ್ದಿಕೊಳ್ಳಲು ಇನ್ನೊಂದು ಅವಕಾಶವಿಲ್ಲ. ಹೆಂಡತಿಗೆ ಊಟ ಸೇರುತ್ತಿರಲಿಲ್ಲ, ಮಾತನಾಡಿಸಿದರೆ ಸಿಡುಕುತ್ತಿದ್ದಳು.

ನೋಡಿ ನೋಡಿ ಕೊನೆಗೆ ಉಳಿದದ್ದು ಎರಡು ಗಂಡುಗುದುರೆ. ಒಂದು, ನಿವೃತ್ತ ಮೇಷ್ಟ್ರೊಬ್ಬರ ಕಂದು ಕುದುರೆ. ಅದಕ್ಕೆ ಹೆಸರೂ ಇಲ್ಲ, ಹೆಸರುವಾಸಿಯೂ ಅಲ್ಲ. ಇನ್ನೊಂದು, ಕಂಟ್ರಾಕ್ಟರೊಬ್ಬರ ಬೂದು ಕುದುರೆ, ‘ಮಿಂಚು’. ಅದು ಹಾರಿದ ಫೋಟೋಗಳೇ ಅವರ ಆಫೀಸಿನ ಗೋಡೆ ತುಂಬ. ಹೆಂಡತಿಯ ಅಣ್ಣನಾದ ಭಾವನ ಮನಸ್ಸೆಲ್ಲ ಮಿಂಚಿನ ಮೇಲೆ.

ಇಷ್ಟರಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯೊಂದಿತ್ತು. ಮೂಟೆ ಈಗ ಮೂಟೆಯಾಗಿ ಉಳಿದಿರಲಿಲ್ಲ.

ಆದದ್ದು ಹೀಗೆ. ಹೋದ ವರ್ಷ ಊಟದ ಮನೆಯಲ್ಲಿ ಭಾವ ಕುರ್ಚಿಯ ಮೇಲೆ ದಿಂಬು ಕೂರಿಸಿ, ಅದನ್ನು ಕುಣಿಸಿ, ಆತನ ಸವಾರಿಯನ್ನು ಎಲ್ಲರಿಗೂ ತೋರಿಸಿದ. ದಿಂಬು ಕೆಳಗೆ ಬಿತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಹೆಂಡತಿಯೂ ನಕ್ಕಳು. ಭಾವ ನಕ್ಕದ್ದು ಸಾಯಲಿ, ಅವಳು ನಕ್ಕದ್ದು ಮಾತ್ರ ಆತನ ಎದೆಗೆ ನಾಟಿತು. ಮರುದಿನದಿಂದಲೇ, ಅವಳು ಬೆಳಿಗ್ಗೆ ಸವಾರಿ ಶಾಲೆಗೆ ಪಾಠ ಹೇಳಲು ಹೊರಟ ಕೂಡಲೇ, ಆತ ದೊಡ್ಡಮ್ಮನಿಗೆ ಜೀನು ಹಾಕತೊಡಗಿದ. ಬಾಯಿಲ್ಲದ ಆ ಗುರು ಎಂಥ ಗುರು ಅಂತೀರಿ! ಲಗಾಮು ಜಗ್ಗಿದರೆ ನಿಂತುಬಿಡುತ್ತಿದ್ದಳು, ಸಡಿಲಿಸುವವರೆಗೆ ಕದಲುತ್ತಿರಲಿಲ್ಲ. ಹಿಮ್ಮಡಿ ಒತ್ತಿದರೆ ಕಿವಿ ಹಿಂದಕ್ಕೆ ಮಡಚುತ್ತಿದ್ದಳು. ಸರಿಯಾಗಿ ಕೂತಾಗ ಮಾತ್ರ, ಹ್ಞೂಂ ಈಗ ಹೇಳು ಎಂಬಂತೆ ಹೆಜ್ಜೆ ಹಾಕುತ್ತಿದ್ದಳು. ಹೀಗೆ ತಿದ್ದಿ ತೀಡಿ ಆತನನ್ನು ಸವಾರ ಮಾಡಿಟ್ಟಳು.

ಹೆಂಡತಿಗೆ ಯಾಕೆ ಹೇಳಲಿಲ್ಲ ಅಂದರೆ, ಒಂದು ದಿನ ಎಲ್ಲರೆದುರಿಗೆ ತೋರಿಸಿ ಮೂಗಿನ ಮೇಲೆ ಬೆರಳಿಡಿಸಬೇಕೆಂಬ ಜಂಭ. ಜೊತೆಗೊಂದು ಅಳುಕೂ ಇತ್ತು. ಲಾಯದಲ್ಲಿ ಆತನಿಗಿದ್ದ ಕೆಲಸ ಅದೊಂದೇ. ಬೀಳುವುದು ನಿಂತರೆ ಅವಳು ತನ್ನನ್ನು ಜೊತೆಗೆ ಯಾಕೆ ಕರೆದೊಯ್ಯುತ್ತಾಳೆ?

ಮೇಷ್ಟ್ರ ಕಂದು ಕುದುರೆಯ ಮೇಲೆ ಹತ್ತಿದ ದಿನ ಆತ ಹಳೆಯ ಮೂಟೆಯ ಹಾಗೇ ಕೂರಲು ನೋಡಿದ. ಕಲಿತದ್ದನ್ನು ಮರೆಯುವುದು ಕಲಿಯುವುದಕ್ಕಿಂತ ಕಷ್ಟ ನೋಡಿ, ಮೈ ಕೇಳಲಿಲ್ಲ. ಆದರೆ ಕೊನೆಯ ಕಂಬಕ್ಕೆ ಹೋಗುವಾಗ ಬಲಗಾಲು ನಿಜವಾಗಿಯೇ ರಿಕಾಪಿನ ಕಬ್ಬಿಣದ ಬಳೆಯಿಂದ ಜಾರಿತು, ಮೈ ಎಡಕ್ಕೆ ವಾಲಿತು, ಆತ ಬಿದ್ದೆನೆಂದೇ ತಿಳಿದ. ಬೀಳಲಿಲ್ಲ. ಕಟಕಟೆಯ ಆಚೆ ನಿಂತಿದ್ದ ಹೆಂಡತಿ ತಲೆಯಾಡಿಸಿದಳು.

“ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಕಂಬದ ಮುಂದೆ ಸೊಟ್ಟ ಹೋಗುತ್ತೆ ಇದು. ಎಡಕ್ಕೆ ಎಳೀತು ನೋಡಿ.”

ಮೇಷ್ಟ್ರ ಮುಖ ಸಣ್ಣಗಾಯಿತು. ಆತನೂ ಬಾಯಿ ಬಿಡಲಿಲ್ಲ. ಇಷ್ಟೆಲ್ಲ ಕಲಿತೂ ಕಾಲು ಜಾರಿತಲ್ಲ ಎಂಬ ನಾಚಿಕೆ ಆತನನ್ನು ಸುಮ್ಮನಾಗಿಸಿತು.

ಮಿಂಚನ್ನು ನೋಡಲು ಹೋದಾಗ ಭಾವನೂ ಜೊತೆಗಿದ್ದ. ಆ ಕುದುರೆ ಕುದುರೆಯಲ್ಲ, ಕುದಿಯುವ ಎಣ್ಣೆ. ಹತ್ತಿದ ಗಳಿಗೆಯಿಂದ ಆತ ದೊಡ್ಡಮ್ಮ ಕಲಿಸಿದ್ದನ್ನೆಲ್ಲ ಖರ್ಚು ಮಾಡಬೇಕಾಯಿತು. ಒಂದು ಎಳೆ ತಪ್ಪಿದ್ದರೂ ಕಟಕಟೆ ದಾಟಿ ಆಚೆ ಬೀಳುತ್ತಿದ್ದ. ತಪ್ಪಲಿಲ್ಲ. ಕಂಬಗಳನ್ನೆಲ್ಲ ಹೂವಿನ ಹಾಗೆ ದಾಟಿಸಿದ. ಇಳಿದಾಗ ಕಂಟ್ರಾಕ್ಟರು ಚಪ್ಪಾಳೆ ತಟ್ಟಿದರು, ಭಾವ ಬಾಯಿ ತೆರೆದು ನಿಂತಿದ್ದ. ಆತನ ಎದೆ ಇಷ್ಟಗಲ ಆಯಿತು. ಈಗ ಅಂತಾಳೆ, ಈಗ ಅಂತಾಳೆ ಎಂದು ಹೆಂಡತಿಯ ಮುಖ ನೋಡಿದ.

ಅವಳು ಓಡಿ ಬಂದು ಅಪ್ಪಿಕೊಂಡಳು. ಕುದುರೆಯನ್ನು.

“ನೋಡಿದ್ಯಾ ಅಣ್ಣ? ನಮ್ಮ ಮೂಟೇನ ಹೊತ್ಕೊಂಡೇ ಹೀಗೆ ಹಾರ್ತಲ್ಲ! ಇನ್ನು ನಮ್ಮ ಡಾಕ್ಟರು, ಟೀಚರಮ್ಮ ಕೂತ್ರೆ ಕೇಳ್ಬೇಕಾ? ಇದೇ ಇರ್ಲಿ.”

ಅಲ್ಲ ಸ್ವಾಮಿ, ಜನ್ಮದಲ್ಲಿ ಒಂದು ಸಲ ನೆಟ್ಟಗೆ ಕೂತಿದ್ದಕ್ಕೆ ಬಂದ ಹೊಗಳಿಕೆ ಕುದುರೆಗೆ ಹೋದರೆ ಯಾರ ಹೊಟ್ಟೆ ಉರಿಯುವುದಿಲ್ಲ? ಉರಿಯಿತು. ಆದರೆ ವ್ಯಾನಿನಲ್ಲಿ ಕೂತು ಅಂಗೈ ಬಿಚ್ಚಿ ನೋಡಿಕೊಂಡಾಗ ಆ ಉರಿ ಆರಿ ಭಯ ಹುಟ್ಟಿತು. ಲಗಾಮಿನ ಕೆಂಪು ಬರೆ ಎದ್ದಿತ್ತು. ಈ ಕುದುರೆಯ ಸ್ವಭಾವದ ಮರಿ ಹುಟ್ಟಿದರೆ ಹಲ್ಲಿನ ಡಾಕ್ಟರು ಒಂದು ಭಾನುವಾರವನ್ನೂ ಮುಗಿಸಲಾರರು. ದೊಡ್ಡಮ್ಮನ ಕೊನೆಯ ಮರಿ ಹಾಗಾಗಲು ಬಿಡುವುದೇ?

“ಮಿಂಚು ಬೇಡ. ಅದು ನನ್ನನ್ನ ಹೊರಲಿಲ್ಲ. ನಾನು ಅದನ್ನ ಹಿಡಿದಿದ್ದೆ,” ಎಂದ.

ವ್ಯಾನು ಓಡಿಸುತ್ತಿದ್ದ ಭಾವ ಸ್ಟೇರಿಂಗ್ ತಟ್ಟಿ ನಕ್ಕ. “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ.”

“ಇಲ್ಲಿ ಕುಣಿದವನೇ ನೆಲ ಡೊಂಕು ಅಂತಿದ್ದೀನಿ ಭಾವ. ಅದನ್ನಾದ್ರೂ ನಂಬಿ. ನಾನು ಸವಾರಿ ಕಲ್ತಿದ್ದೀನಿ.”

“ನೀವಾ?” ಎಂದಳು ಹೆಂಡತಿ. ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ, ಕನಿಕರವಿತ್ತು. ಅದು ಇನ್ನೂ ಕೆಟ್ಟದ್ದು.

ಆತ ಮನೆ ಮುಟ್ಟಿದ ಕೂಡಲೇ ಲಾಯಕ್ಕೆ ಹೋಗಿ ದೊಡ್ಡಮ್ಮನಿಗೆ ಜೀನು ಬಿಗಿದ. ಬಯಲಿನಲ್ಲಿ ತಗ್ಗಾಗಿ ಕಟ್ಟಿದ್ದ ಕಂಬಗಳ ಕಡೆಗೆ ಅವಳನ್ನು ತಿರುಗಿಸಿ, ಲಗಾಮನ್ನು ಅವಳ ಕುತ್ತಿಗೆಯ ಮೇಲೆ ಬಿಟ್ಟು, ಎರಡೂ ಕೈ ಎದೆಗೆ ಕಟ್ಟಿಕೊಂಡ. ಆ ಮುದುಕಿ ಒಂದೊಂದೇ ಕಂಬವನ್ನು ಸಾವಕಾಶವಾಗಿ ಹಾರಿದಳು, ಆತ ಅಲ್ಲಾಡದೆ ಅವಳೊಡನೆ ಎದ್ದ, ಅವಳೊಡನೆ ಇಳಿದ. ಹಿಂದೆಯೇ ಬಂದಿದ್ದ ಹೆಂಡತಿ, ಭಾವ ಇಬ್ಬರೂ ಬಯಲಿನ ಅಂಚಿನಲ್ಲಿ ನಿಂತು ನೋಡಿದರು.

ಹೆಂಡತಿಯ ಕಣ್ಣಲ್ಲಿ ನೀರು. “ಯಾರು ಕಲ್ಸಿದ್ರು ನಿಮ್ಗೆ?”

“ಇನ್ಯಾರು, ಇವಳೇ. ದಿನಾ ಬೆಳಿಗ್ಗೆ, ನೀನು ಹೋದ್ಮೇಲೆ.”

ಅವಳು ದೊಡ್ಡಮ್ಮನ ಹಣೆಗೆ ಹಣೆ ಹಚ್ಚಿದಳು. “ಅಪ್ಪ ಹೋಗೋವರೆಗೂ ಇವರನ್ನ ಮೂಟೆ ಅಂತಾನೇ ನಂಬಿದ್ರು. ಮೂಟೇನೂ ಸವಾರ ಮಾಡ್ಬಿಟ್ಯಲ್ಲೇ ನೀನು. ನನ್ನ ಕೈಲೂ ಆಗ್ದಿರೋದು,” ಎಂದಳು. ಆತ ಅವಳ ಮುಖವನ್ನೇ ನೋಡುತ್ತಿದ್ದ. ಅಲ್ಲಿ ಹೆಮ್ಮೆ ಇತ್ತು, ಅರ್ಧ ದೊಡ್ಡಮ್ಮನಿಗೆ, ಅರ್ಧ ತನಗೆ. ಆತ ಹೆಚ್ಚು ಕಡಿಮೆ ಲೆಕ್ಕ ನೋಡಲಿಲ್ಲ.

ಆಮೇಲೆ ಅವಳಿಗೆ ದಿಗಿಲಾಯಿತು. ಅಂಗಡಿಯವನು ಅಕ್ಕಿಯನ್ನು ಮತ್ತೆ ಮತ್ತೆ ತೂಗಿ ನೋಡುತ್ತಾನೆ, ತೂಕದ ಕಲ್ಲು ಸವೆದಿದೆಯೇ ಎಂದು ನೋಡುವುದಿಲ್ಲ. ಅವರ ಮನೆಯ ಕಲ್ಲು ಗಂಡನೇ ಆಗಿದ್ದ, ಆತ ಸವಾರನಾದ ಮೇಲೆ ಎರಡೂ ಕುದುರೆಯ ತೂಕ ತಪ್ಪು. “ಕಂಟ್ರಾಕ್ಟರಿಗೆ ಇದೇ ಇರ್ಲಿ ಅಂತ ಹೇಳಿ ಬಂದ್ನಲ್ಲ,” ಎಂದು ಜಗಲಿಯ ಮೇಲೆ ಕೂತುಬಿಟ್ಟಳು. ಆಮೇಲೆ ತಲೆಯೆತ್ತಿ, ಕುದುರೆಯ ವಿಷಯದಲ್ಲಿ ಯಾವತ್ತೂ ಗಂಡನನ್ನು ಕೇಳದ ಮಾತು ಕೇಳಿದಳು. “ನೀವೇ ಹೇಳಿ. ಯಾವುದು?”

“ಮೇಷ್ಟ್ರ ಕಂದು.”

“ಅದು ಸೊಟ್ಟ ಹೋಗುತ್ತಲ್ಲ.”

“ನನ್ನ ಕಾಲು ಜಾರಿತ್ತು. ನಾನು ಎಡಕ್ಕೆ ಬೀಳ್ತಿದ್ದೆ. ಅದು ಎಡಕ್ಕೆ ಸರಿದು ನನ್ನ ಕೆಳಗೆ ಬಂತು. ನಿನಗೆ ಕಂಡಿದ್ದು ಸೊಟ್ಟ. ಮೇಲಿದ್ದ ನನಗೆ ಗೊತ್ತು, ಅದು ನನ್ನನ್ನ ಹಿಡ್ಕೊಂಡಿದ್ದು.”

“ಅವತ್ತೇ ಯಾಕೆ ಬಾಯಿ ಬಿಡ್ಲಿಲ್ಲ?”

“ನಾಚಿಕೆ ಆಯ್ತು.”

“ನಿಮ್ಮ ನಾಚಿಕೆಗೆ ಬೆಂಕಿ ಹಾಕ,” ಎಂದಳು. ಆದರೆ ಎದ್ದು ನಿಂತಿದ್ದಳು.

ಮರುದಿನ ಇಬ್ಬರೂ ಮೇಷ್ಟ್ರ ಮನೆಗೆ ಹೋದರು. ಕಂದು ಕುದುರೆಯ ಮೇಲೆ ಈ ಸಲ ಅವಳೇ ಹತ್ತಿದಳು. ಚಿಕ್ಕಂದಿನಿಂದ ಒಮ್ಮೆಯೂ ಜೀನಿನಿಂದ ಜಾರದವಳು. ಅವಳ ಕೆಳಗೆ ಯಾವ ಕುದುರೆಗೂ ಸೊಟ್ಟ ಹೋಗುವ ಪ್ರಸಂಗವೇ ಬಂದಿರಲಿಲ್ಲ. ಓಟದಲ್ಲಿ ಬಲಗಾಲನ್ನು ರಿಕಾಪಿನಿಂದ ತೆಗೆದು ಎಡಕ್ಕೆ ವಾಲಿದಳು. ಕುದುರೆ ನೇರವಾಗಿ ಓಡಿತು. ಇನ್ನೂ ವಾಲಿದಳು. ಆಗಲೂ ನೇರ. ಗೆರೆ ಎಳೆದ ಹಾಗೆ ಓಡುತ್ತಿತ್ತು, ಹಾಳಾದ್ದು. ಮೇಷ್ಟ್ರು, ನೋಡಿ ಎಷ್ಟು ನೆಟ್ಟಗೆ ಹೋಗುತ್ತೆ ಎಂದು ಪಾಪ ಸಂತೋಷಪಟ್ಟರು.

ಆತನಿಗೆ ತಡೆಯಲಾಗಲಿಲ್ಲ. ಕಟಕಟೆ ಹತ್ತಿ ಕೂಗಿದ. “ಸುಳ್ಳು ಬೀಳ್ತಿದ್ದೀಯ ನೀನು. ತೊಡೆ ಬಿಗಿ ಹಿಡಿದಿದ್ದೀಯ, ಅದಕ್ಕೆ ಗೊತ್ತಾಗುತ್ತೆ. ಬಿಡು.”

“ಬಿಟ್ರೆ ಬೀಳ್ತೀನಿ ರೀ.”

“ಬೀಳು ಅಂತಾನೇ ಹೇಳ್ತಿರೋದು. ಈ ಮನೇಲಿ ಬೀಳೋದ್ರಲ್ಲಿ ನನಗಿಂತ ಅನುಭವಸ್ಥರು ಯಾರಿದ್ದಾರೆ? ನನ್ನ ಮಾತು ಕೇಳು.”

ಅವಳು ಸುಡುವ ಹಾಗೆ ನೋಡಿದಳು. ಇನ್ನೊಂದು ಸುತ್ತು ಬಂದಳು. ಅವಳ ದವಡೆ ಬಿಗಿದಿತ್ತು. ಇಷ್ಟು ವರ್ಷದ ಹೆಮ್ಮೆಯನ್ನು ಎರಡು ತೊಡೆಗಳ ನಡುವಿನಿಂದ ಬಿಡುವುದು ಸುಲಭವಲ್ಲ. ಕಂಬ ಹತ್ತಿರ ಬಂತು. ಬಿಟ್ಟಳು.

ಮೈ ಎಡಕ್ಕೆ ಕುಸಿಯಿತು, ಹೆಲ್ಮೆಟ್ಟು ನೆಲದ ಕಡೆಗೆ ಹೊರಳಿತು, ಮೇಷ್ಟ್ರು ಅಯ್ಯೋ ಎಂದರು. ಕಂದು ಕುದುರೆಯ ಎಡಗಿವಿ ತಿರುಗಿತು. ಒಂದು ಹೆಜ್ಜೆ, ಎರಡು ಹೆಜ್ಜೆ ಎಡಕ್ಕೆ ಸರಿದು, ಭುಜ ಕೊಟ್ಟು, ಅವಳನ್ನು ಮೇಲಕ್ಕೆ ತಂದುಕೊಂಡಿತು. ಓಟ ನಿಧಾನಿಸಿ, ಕಂಬದ ಮುಂದೆ ನಿಂತು ಕಾಯಿತು.

ಅವಳು ಕುದುರೆಯ ಕತ್ತಿನ ಕೂದಲು ಹಿಡಿದುಕೊಂಡು ಸಾವರಿಸಿಕೊಂಡಳು. ಜನ್ಮದಲ್ಲಿ ಮೊದಲ ಸಲ ಬಿದ್ದವಳನ್ನು ಮೊದಲ ಸಲವೇ ಕುದುರೆ ಹಿಡಿದುಕೊಂಡಿತ್ತು. ಆಮೇಲೆ ಗಂಡನ ಕಡೆಗೆ ತಿರುಗಿ, “ನೀವು ಹೇಳಿದ್ದು ನಿಜ ರೀ,” ಎಂದಳು. ಆತನಿಗೆ ಅಷ್ಟು ಸಾಕಾಗಿತ್ತು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಆತ ಅದನ್ನು ಇಸಿದುಕೊಂಡು ಸಡಿಲವಾಗಿದ್ದ ಅದರ ಕಾಲಿನ ತಿರುಪನ್ನು ಬಿಗಿ ಮಾಡಿಕೊಟ್ಟ.

ಆವತ್ತು ಸಂಜೆ ಅವಳು ಕಂಟ್ರಾಕ್ಟರಿಗೆ ಕ್ಷಮೆ ಕೇಳಿ ಮುಗಿಸುವಷ್ಟರಲ್ಲಿ ಭಾವನ ಫೋನು ಬಂತು. ಆತ ಪಕ್ಕದಲ್ಲೇ ದೊಡ್ಡಮ್ಮನ ಗೊರಸು ಕೆರೆಯುತ್ತಿದ್ದವನು ಕೆಲಸ ನಿಲ್ಲಿಸಿ ಕಿವಿಗೊಟ್ಟ.

“ಹೆಸರಿಲ್ಲದ ಕುದುರೇನಾ? ಯಾರು ಹೇಳಿದ್ದು ನಿಂಗೆ?”

“ನಮ್ಮನೆಯವರು ಆರಿಸಿದ್ದು.”

“ಮೂಟೇನಾ?”

“ಅಣ್ಣ, ಮೂಟೆ ಕೆಲಸ ಈಗ ಖಾಲಿ ಇದೆ,” ಎಂದಳು ಹೆಂಡತಿ. “ನಿಂಗೆ ಬೇಕಿದ್ರೆ ಬಾ. ಬೀಳೋದು ಹೇಗೆ ಅಂತ ನಮ್ಮನೆಯವರು ಹೇಳಿಕೊಡ್ತಾರೆ.”

ಆತ ತಲೆ ಬಗ್ಗಿಸಿ ದೊಡ್ಡಮ್ಮನ ಇನ್ನೊಂದು ಕಾಲು ಎತ್ತಿಕೊಂಡ. ನಗು ಮುಚ್ಚಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಆ ಲಾಯದಲ್ಲಿ ಇರಲಿಲ್ಲ.