ರಾತ್ರೋರಾತ್ರಿ ಬೆಳೆದ ಅಕ್ಷರಗಳು

ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಅಕ್ಷರಗಳು ಬೆಳೆದಿದ್ದವು. ಹಿಂದಿನ ದಿನ ಮುಚ್ಚಿಟ್ಟು ಎದ್ದಾಗ ಇರುವೆಯಷ್ಟಿದ್ದವು, ಈಗ ಜೇನುನೊಣದಷ್ಟಾಗಿದ್ದವು. ಬೇಸಿಗೆ ಇನ್ನೂ ಬಲಿತಿರಲಿಲ್ಲ, ಕಿಟಕಿಯ ಹೊರಗೆ ಮಂಜು ಕವಿದಿತ್ತು. ಎದುರು ಮನೆಯವರು ಬಟ್ಟೆ ಒಣಹಾಕುವ ಹಗ್ಗ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಿತ್ತು. ನಿದ್ದೆಗಣ್ಣಿನಲ್ಲಿದ್ದ ನನಗೆ ಇದೂ ಕನಸಿನದೇ ಬಾಲ ಅನ್ನಿಸಿತು. ಕಾಫಿ ಕುಡಿದು ಬಂದು ನೋಡಿದೆ, ಹಾಗೇ ಇದ್ದವು.

ನಾನು ಪ್ರೋಗ್ರಾಂ ಬರೆಯುವವಳು. ಅದನ್ನು ಬರೆಯಲೆಂದೇ ಕಂಪ್ಯೂಟರಿನಲ್ಲಿ ಎಡಿಟರ್ ಎಂಬುದೊಂದು ಇರುತ್ತದೆ. ಅಕ್ಷರ ಎಷ್ಟು ದೊಡ್ಡದಿರಬೇಕು, ಯಾವ ಬಣ್ಣದ್ದಿರಬೇಕು, ಸಾಲಿನ ಮೊದಲಿಗೆ ಎಷ್ಟು ಜಾಗ ಬಿಡಬೇಕು, ಎಲ್ಲವನ್ನೂ ಅದರಲ್ಲಿ ನಮಗೆ ಬೇಕಾದ ಹಾಗೆ ಇಟ್ಟುಕೊಳ್ಳಬಹುದು. ಒಮ್ಮೆ ಇಟ್ಟ ಮೇಲೆ ಅದು ತೆಪ್ಪಗೆ ಹಾಗೇ ಇರಬೇಕು. ನನ್ನದು ಇರಲಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಅಳತೆಯನ್ನು ಮೊದಲಿನಂತೆ ಮಾಡಿ, ಅದಕ್ಕೆ ನಾಲ್ಕು ಮಾತು ಬಯ್ದು, ಕೆಲಸಕ್ಕೆ ಕೂತೆ.

ಆಗ ನನಗೆ ಬಯ್ಯಲು ಯಾರಾದರೂ ಬೇಕಾಗಿತ್ತು ಎನ್ನುವುದೂ ನಿಜ. ಅಕ್ಕ ನನ್ನಿಂದ ದೂರವಾಗುತ್ತಿದ್ದಳು.

ನಾನೂ ಅಕ್ಕನೂ ಸೇರಿ ಲಾಂಡ್ರಿಗಳಿಗೆ ಪ್ರೋಗ್ರಾಂ ಬರೆದುಕೊಡುತ್ತೇವೆ. ಯಾವ ಅಂಗಿ ಯಾರದು, ಒಗೆದು ಇಸ್ತ್ರಿಯಾದ ಮೇಲೆ ಯಾವ ಮನೆಗೆ ಹೋಗಬೇಕು, ಅಷ್ಟೇ ಅದರ ಕೆಲಸ. ಒಬ್ಬರ ಅಂಗಿ ಇನ್ನೊಬ್ಬರ ಮನೆಗೆ ಹೋಗಬಾರದು. ಕೇಳಲು ಸುಲಭ, ಮಾಡಲು ಹೋದರೆ ಜೀವ ಬಾಯಿಗೆ ಬರುತ್ತದೆ. ಈ ವಿದ್ಯೆ ನನಗೆ ಕಲಿಸಿದವಳೇ ಅಕ್ಕ. ಒಂದೇ ಹಾಸಿಗೆ, ಒಂದೇ ಕೊಡೆ, ಒಂದೇ ಬಾಚಣಿಗೆಯಲ್ಲಿ ಬೆಳೆದವರು ನಾವು. ಎಡಿಟರ್‌ನಲ್ಲೂ ಇಬ್ಬರಿಗೂ ಒಂದೇ ಖಾತೆ. ಎರಡು ಯಾಕೆ ದಂಡಕ್ಕೆ ಎಂದಿದ್ದಳು ಅವಳು. ಬರೆದದ್ದು ಕೈಕೊಟ್ಟರೆ ನಾನು ಕಂಪ್ಯೂಟರಿಗೆ ಶಾಪ ಹಾಕುತ್ತೇನೆ, ಅಕ್ಕ ತಾನೆಲ್ಲಿ ತಪ್ಪಿದೆ ಎಂದು ಹುಡುಕುತ್ತಾಳೆ. ಇಷ್ಟು ವರ್ಷ ನಮ್ಮಿಬ್ಬರ ಬಂಡಿ ಹೀಗೇ ಸಾಗಿತ್ತು.

ದಿನಾ ನಮ್ಮ ಮನೆಗೆ ಬಂದು ಕೂತು ಕೆಲಸ ಮಾಡುತ್ತಿದ್ದವಳಿಗೆ ಬೇಸಿಗೆಯ ಶುರುವಿನಲ್ಲಿ ಏನಾಯಿತೋ. "ಒಂದೇ ಕೋಣೇಲಿ ಇಬ್ಬರು ಕೂತ್ರೆ ಬರೀ ಮಾತಾಗುತ್ತೆ, ಕೆಲಸ ಆಗಲ್ಲ" ಎಂದು ಹೇಳಿ ಹಳೆಯ ಕಂಪ್ಯೂಟರನ್ನು ಬಗಲಲ್ಲಿಟ್ಟುಕೊಂಡು ತನ್ನ ಮನೆಗೆ ಹೊರಟುಹೋದಳು. ಅಲ್ಲಿ ಅವಳೊಬ್ಬಳೇ ಇರುವುದು. ಆಮೇಲೆ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಅವಳ ಪಾಲಿನ ಕೆಲಸ ತಡವಾಗಿ ಬರುತ್ತಿತ್ತು, ಅದರಲ್ಲಿ ಅವಳು ಜನ್ಮದಲ್ಲಿ ಮಾಡದ ತಪ್ಪುಗಳಿರುತ್ತಿದ್ದವು. ನಾನು ಹಲ್ಲು ಕಚ್ಚಿಕೊಂಡು ತಿದ್ದುತ್ತಿದ್ದೆ. ಅಕ್ಷರಗಳ ಕಾಟ ಶುರುವಾಗಿ ಕೆಲವು ವಾರಗಳಾದ ಮೇಲೆ ಒಂದು ಮೆಸೇಜೂ ಬಂತು: ತಿಂಗಳ ಕೊನೆಗೆ ಪೂರ್ತಿ ಬಿಡುತ್ತೇನೆ, ಕಾರಣ ಕೇಳಬೇಡ. ನನ್ನ ಸಹವಾಸ ಅವಳಿಗೆ ಸಾಕಾಗಿದೆ ಎಂದುಕೊಂಡೆ. ಅಕ್ಕ ಇಲ್ಲದ ಮೇಲೆ ಈ ಕೆಲಸವೂ ನನಗೆ ಬೇಕಿರಲಿಲ್ಲ. ಹೋಗಿ ಕಾಲು ಹಿಡಿದುಕೊಳ್ಳೋಣ ಎನ್ನುವಷ್ಟು ದುಃಖವಾಗಿತ್ತು, ಅದಕ್ಕೆ ಅಭಿಮಾನ ಬಿಡುತ್ತಿರಲಿಲ್ಲ.

ಆ ಮೊದಲ ದಿನದ ಮರುದಿನ ಬೆಳಿಗ್ಗೆ ಅಕ್ಷರಗಳು ಮತ್ತೆ ಬೆಳೆದಿದ್ದವು, ನಿನ್ನೆಗಿಂತ ಒಂದು ಗೆಣ್ಣು ಜಾಸ್ತಿಯೇ. ನಾನು ಇಳಿಸಿದೆ. ಅದರ ಮರುದಿನ ಇನ್ನಷ್ಟು. ಇಳಿಸಿದೆ. ಕೀಬೋರ್ಡಿನ ಯಾವುದೋ ಕೀಲಿ ಅಂಟಿಕೊಂಡಿರಬೇಕೆಂದು ಎಲ್ಲ ಕೀಲಿಗಳನ್ನೂ ಬಿಚ್ಚಿ ಒರೆಸಿದೆ. ಎಷ್ಟೋ ಕಾಲದ ಕಸವೆಲ್ಲ ಉದುರಿತು, ದೋಷ ಉದುರಲಿಲ್ಲ. ಎಡಿಟರ್‌ಗೆ ಹೆಚ್ಚುವರಿಯಾಗಿ ಅಂಟಿಸಿಕೊಂಡ ಎಕ್ಸ್‌ಟೆನ್ಶನ್ ಎಂಬ ಸಣ್ಣ ಪ್ರೋಗ್ರಾಂಗಳನ್ನು ಒಂದೊಂದಾಗಿ ಆಫ್ ಮಾಡುತ್ತ ಬಂದೆ, ಮದುವೆಮನೆಯಿಂದ ನೆಂಟರನ್ನು ಒಬ್ಬೊಬ್ಬರನ್ನಾಗಿ ಕಳಿಸಿದ ಹಾಗೆ. ಮನೆ ಖಾಲಿಯಾಯಿತು, ಗದ್ದಲ ನಿಲ್ಲಲಿಲ್ಲ. ಕೊನೆಗೆ ಎಡಿಟರನ್ನೇ ಕಿತ್ತುಹಾಕಿ ಹೊಸದಾಗಿ ಹಾಕಿಕೊಂಡೆ. ಅದು ಹಾಲಿನಲ್ಲಿ ತೊಳೆದ ಮುಖದಿಂದ ಚಿಕ್ಕ ಚಿಕ್ಕ ಅಕ್ಷರಗಳನ್ನು ತೋರಿಸಿತು. ನಮ್ಮ ಖಾತೆಯ ಹೆಸರು, ಪಾಸ್‌ವರ್ಡು ಹಾಕಿದ್ದೇ ತಡ, ಕಣ್ಣೆದುರಿಗೇ ಎಲ್ಲ ಅಕ್ಷರಗಳೂ ಉಬ್ಬಿ ನಿಂತವು. ಆಗಲಾದರೂ ನನಗೆ ಹೊಳೆಯಬೇಕಿತ್ತು. ಸಿಟ್ಟು ನೆತ್ತಿಗೇರಿದ್ದರಿಂದ ಹೊಳೆಯಲಿಲ್ಲ.

ನಮ್ಮ ಮನೆಯವರು ಬಸ್ ಡ್ರೈವರ್. ಅವರಿಗೆ ಇದೊಂದು ತಮಾಷೆ.

"ಅಕ್ಷರ ದೊಡ್ಡದಾದ್ರೆ ಏನೇ ನಷ್ಟ? ಇನ್ನೂ ಬೆಳೀಲಿ ಬಿಡು, ಬಸ್ಸಿನ ಬೋರ್ಡ್‌ಗಾದ್ರೂ ಆಗುತ್ತೆ" ಎಂದರು.

"ಸುಮ್ನೆ ಇರಿ. ಒಂದು ಸಾಲು ಓದೋಕೆ ನಾನು ಅರ್ಧ ಊರು ಸುತ್ತಬೇಕು."

ಹೀಗೆ ಬೇಸಿಗೆ ಕಳೆಯುತ್ತಿತ್ತು. ಬೆಳಿಗ್ಗೆ ಎದ್ದು ಮೊದಲು ಅಕ್ಷರ ಚಿಕ್ಕದು ಮಾಡುವುದು ನನಗೆ ಹಲ್ಲುಜ್ಜಿದಷ್ಟೇ ರೂಢಿಯಾಗಿಹೋಯಿತು. ಮಧ್ಯಾಹ್ನ ಕಂಪ್ಯೂಟರ್ ಮುಚ್ಚಿಟ್ಟು ಲಾಂಡ್ರಿಗಳಿಗೆ ಹೋಗುತ್ತಿದ್ದೆ, ಬರುವಷ್ಟರಲ್ಲಿ ರಾತ್ರಿಯಾಗುತ್ತಿತ್ತು. ಆವಿಯ ನಡುವೆ ತೂಗುವ ಬಿಳಿ ಅಂಗಿಗಳ ಸಾಲಿನಲ್ಲಿ ನಡೆಯುವಾಗ, ತೋಳುಗಳು ಭುಜಕ್ಕೆ ತಾಕಿದಾಗ, ಅಕ್ಕನೇ ಹಿಂದಿನಿಂದ ಮುಟ್ಟಿದಳೇನೋ ಎಂದು ತಿರುಗಿ ನೋಡುತ್ತಿದ್ದೆ. ಯಾರೂ ಇರುತ್ತಿರಲಿಲ್ಲ.

ಒಂದು ದಿನ ಲಾಂಡ್ರಿಯ ಬಾಯ್ಲರ್ ಕೆಟ್ಟು, ಬರಬೇಡಿ ಎಂದು ಫೋನ್ ಬಂತು. ಮಧ್ಯಾಹ್ನ ಮನೆಯಲ್ಲೇ ಕೂತೆ. ಪರದೆ ಎಳೆದ ಕೋಣೆಯಲ್ಲಿ ಬೆಳಕು ನೀರಿನ ತಳದಲ್ಲಿರುವ ಹಾಗಿತ್ತು. ಫ್ಯಾನು ಸುತ್ತುತ್ತಿತ್ತು. ಕುರ್ಚಿಯಲ್ಲೇ ಜೋಂಪು ಹತ್ತಿತು. ಕನಸಿನಲ್ಲಿ ಅಕ್ಕ ಹಗ್ಗದ ಮೇಲೆ ಅಕ್ಷರಗಳನ್ನು ಒಣಹಾಕುತ್ತಿದ್ದಳು. ಒಂದೊಂದನ್ನೂ ಕೊಡವಿ, ಸುಕ್ಕು ಬಿಡಿಸಿ, ಕ್ಲಿಪ್ಪು ಹಾಕುತ್ತಿದ್ದಳು. ಅವು ಒಣಗಿದಂತೆಲ್ಲ ಕುಗ್ಗುತ್ತಿದ್ದವು. "ಇದು ಯಾರದು ಅಂತ ಕಾಣ್ತಿಲ್ಲ, ನೀನು ನೋಡು" ಎಂದು ಒಂದನ್ನು ನನ್ನ ಕೈಗೆ ಕೊಟ್ಟಳು. ನಾನು ಕೈ ಬಿಡಿಸುವಷ್ಟರಲ್ಲಿ ಎಚ್ಚರವಾಯಿತು.

ಎದುರಿಗೆ ಎಡಿಟರ್ ತೆರೆದೇ ಇತ್ತು. ಬೆಳಿಗ್ಗೆ ನಾನು ಇಳಿಸಿಟ್ಟಂತೆ ಅಕ್ಷರಗಳು ಚಿಕ್ಕವಾಗಿದ್ದವು. ನನ್ನ ಎರಡೂ ಕೈ ಮಡಿಲಲ್ಲಿದ್ದವು. ನೋಡುತ್ತಿದ್ದ ಹಾಗೆ ಅಕ್ಷರಗಳು ಒಂದು ಹೆಜ್ಜೆ ದೊಡ್ಡವಾದವು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಹೆಜ್ಜೆ. ಮತ್ತೆ ಸ್ವಲ್ಪ ಹೊತ್ತು ತಡೆದು, ಅನುಮಾನದಿಂದ ಎನ್ನುವ ಹಾಗೆ, ಇನ್ನೂ ಒಂದು. ಯಾರೋ ಕತ್ತಲಲ್ಲಿ ಗೋಡೆ ತಡವಿಕೊಂಡು ಬರುತ್ತಿದ್ದಂತಿತ್ತು.

"ರೀ, ಇಲ್ಲಿ ಬನ್ನಿ ಬೇಗ" ಎಂದೆ.

ಅಡುಗೆಮನೆಯಲ್ಲಿ ಊಟ ಮಾಡುತ್ತಿದ್ದವರು ಎಂಜಲು ಕೈಯಲ್ಲೇ ಬಂದು, ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಕನ್ನಡಕ ಇಲ್ದೇನೇ ಓದೋಕಾಗ್ತಿದೆಯಲ್ಲ" ಎಂದರು. "ಯಾರೋ ನನ್ನಂಥೋರೇ ಮಾಡ್ತಿರಬೇಕು ಕಣೇ. ಕಣ್ಣು ನೆಟ್ಟಗಿರೋರು ಯಾರಾದ್ರೂ ಅಕ್ಷರಾನ ಇಷ್ಟು ದೊಡ್ಡದು ಮಾಡ್ಕೋತಾರಾ?"

ಅವರು ತಮಾಷೆಗೇ ಹೇಳಿದ್ದು. ನನಗೆ ಅಕ್ಕನ ಹಳೆಯ ಕಂಪ್ಯೂಟರು ನೆನಪಾಯಿತು.

ಒಂದೇ ಖಾತೆ. ಒಂದು ಖಾತೆಯಲ್ಲಿ ಎಷ್ಟು ಕಂಪ್ಯೂಟರುಗಳಿದ್ದರೂ ಈ ಎಡಿಟರ್ ಒಂದರ ಸೆಟ್ಟಿಂಗ್ಸನ್ನು ಇನ್ನೊಂದಕ್ಕೆ ತಾನಾಗಿಯೇ ಕೊಂಡೊಯ್ದು ಹಾಕುತ್ತದೆ. ಸಿಂಕ್ ಎನ್ನುತ್ತಾರೆ ಅದಕ್ಕೆ. ಅನುಕೂಲಕ್ಕಿರಲಿ ಎಂದು ನಾನೇ ಯಾವಾಗಲೋ ಅದನ್ನು ಹಾಕಿದ್ದೆ. ಅಕ್ಕ ತನ್ನ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಮಧ್ಯಾಹ್ನದ ಮೇಲೆ ದೊಡ್ಡದು ಮಾಡಿದ ಅಕ್ಷರ ಬೆಳಿಗ್ಗೆ ನನ್ನ ಮೇಜಿನ ಮೇಲೆ ದೊಡ್ಡದಾಗಿರುತ್ತಿತ್ತು. ಬೆಳಿಗ್ಗೆ ನಾನು ಚಿಕ್ಕದು ಮಾಡಿದ್ದು ಅವಳ ಮೇಜಿಗೆ ಹೋಗುತ್ತಿತ್ತು. ಅಂಗಿಗಳು ಅದಲುಬದಲಾಗದಂತೆ ಇಡೀ ಊರನ್ನು ಕಾಯುವ ನಾವು, ನಮ್ಮದೇ ಎರಡು ಮನೆಗಳ ನಡುವೆ ಇದನ್ನು ನೋಡಿಕೊಂಡಿರಲಿಲ್ಲ.

ಅಕ್ಕ ಫೋನ್ ಎತ್ತದ್ದು, ತಪ್ಪುಗಳು, ಕಾರಣ ಕೇಳಬೇಡ ಎಂದದ್ದು, ಎಲ್ಲ ಒಟ್ಟಿಗೇ ನನ್ನ ತಲೆಯೊಳಗೆ ಬಂದು ನಿಂತವು. ನಾನು ಆ ಅಕ್ಷರಗಳನ್ನು ಇನ್ನೂ ಎರಡು ಹೆಜ್ಜೆ ದೊಡ್ಡದು ಮಾಡಿದೆ. ಮಾಡಿ, ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಅಕ್ಕನ ಮನೆ ಮೂರನೇ ಮಹಡಿಯಲ್ಲಿ. ನಾನು ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು.

"ಮೆಟ್ಟಿಲ ಮೇಲೆ ನಿನ್ನ ಚಪ್ಪಲಿ ಸದ್ದು ಕೇಳಿಸ್ತು. ಬಾ" ಎಂದಳು. ನನ್ನ ಮುಖ ನೋಡಲಿಲ್ಲ. ಮುಖದ ಪಕ್ಕಕ್ಕೆ, ಕಿವಿಯ ಹತ್ತಿರ ನೋಡಿದಳು. ಸ್ವಿಚ್ಚುಗಳ ಮೇಲೆ ಕೆಂಪು ಟೇಪು ಅಂಟಿಸಿತ್ತು. ನೀರಿನ ಲೋಟದ ಸುತ್ತ ರಬ್ಬರ್ ಬ್ಯಾಂಡು. ಮನೆಯ ವಸ್ತುಗಳೆಲ್ಲ ಕೈಗೆ ಸಿಗುವ ಹಾಗೆ ಗೋಡೆಗುಂಟ ಸಾಲಾಗಿದ್ದವು. ಇಷ್ಟೆಲ್ಲ ಆಗುವಾಗ ನಾನು ಊರಾಚೆ ಇರಲಿಲ್ಲ, ಎರಡು ಬಸ್‌ಸ್ಟಾಪಿನಾಚೆ ಮುಖ ಊದಿಸಿಕೊಂಡು ಕೂತಿದ್ದೆ.

ಆದರೆ ಅಕ್ಕನ ಮುಖದಲ್ಲಿ ಬೆಳಕಿತ್ತು. ಅವಳನ್ನು ಇಷ್ಟು ಖುಷಿಯಲ್ಲಿ ನೋಡಿ ಬಹಳ ದಿನವಾಗಿತ್ತು. ನನ್ನ ಕೈ ಹಿಡಿದು ಕಂಪ್ಯೂಟರಿನ ಮುಂದೆ ಕೂರಿಸಿದಳು.

"ಯಾರಿಗೂ ಹೇಳಿಲ್ಲ ನಾನು. ನನ್ನ ಕಣ್ಣು ಕೆಡ್ತಾ ಇದೆ. ಕಣ್ಣಿನ ಹಿಂದೆ ಪೊರೆ ಥರ ಇರುತ್ತಂತೆ, ಅದು ಸವೀತಿದೆಯಂತೆ. ನಿಧಾನಕ್ಕೆ ಆಗೋದು, ಎಷ್ಟೋ ವರ್ಷ ಕೆಲಸ ಮಾಡಬಹುದು ಅಂದ್ರು ಡಾಕ್ಟರು. ಸಮಾಧಾನಕ್ಕೆ ಹೇಳ್ತಾರೆ ಅಂದುಕೊಂಡೆ. ಯಾಕಂದ್ರೆ ನನಗೆ ದಿನದಿಂದ ದಿನಕ್ಕೆ ಕಾಣದೇ ಹೋಗ್ತಿತ್ತು. ಅಕ್ಷರ ದೊಡ್ಡದು ಮಾಡ್ಕೊಂಡು ರಾತ್ರಿವರೆಗೂ ಕೆಲಸ ಮಾಡ್ತೀನಿ, ಮರುದಿನ ಮಧ್ಯಾಹ್ನ ಬಂದು ಕೂತ್ರೆ ಮತ್ತೆ ಕಾಣಲ್ಲ. ನಾಳೆಗೂ ಇರ್ಲಿ ಅಂತ ಒಂದೊಂದು ಜಾಸ್ತಿ ಒತ್ತೋದು, ಆದ್ರೂ ಕಾಣಲ್ಲ. ನಿನ್ನ ಕೊರಳಿಗೆ ಯಾಕೆ ಬೀಳಬೇಕು, ಬಿಟ್ಟುಬಿಡೋಣ ಅಂತ ಮೆಸೇಜು ಹಾಕಿದ್ದು." ಅಕ್ಕ ತೆರೆಯ ಮೇಲೆ ಬೆರಳಿಟ್ಟಳು. "ಇವತ್ತು ನೋಡು. ಈಗ ಸ್ವಲ್ಪ ಹೊತ್ತಿನ ಹಿಂದೆ, ನಾನೇನೂ ಮುಟ್ಟಿಲ್ಲ, ಸುಮ್ನೆ ಕೂತಿದ್ದೆ. ಇದ್ದಕ್ಕಿದ್ದ ಹಾಗೆ ಎಲ್ಲ ದೊಡ್ಡದಾಗಿ ಕಾಣಿಸೋಕೆ ಶುರುವಾಯ್ತು. ನನ್ನ ಕಣ್ಣು ವಾಪಸ್ ಬರ್ತಿದೆ ಅನ್ಸುತ್ತೆ ಕಣೆ."

ಸುಮ್ಮನಿದ್ದುಬಿಡೋಣ ಎಂಬ ಆಸೆ ಬಂತು. ದಿನಾ ನಾನು ನನ್ನ ಮನೆಯಿಂದಲೇ ಒಂದೊಂದು ಹೆಜ್ಜೆ ದೊಡ್ಡದು ಮಾಡುತ್ತ ಹೋದರೆ ಅವಳು ಹೀಗೇ ನಗುತ್ತಿರುತ್ತಾಳಲ್ಲ ಎನ್ನಿಸಿತು. ಆದರೆ ನನಗೆ ಅಕ್ಷರ ಕಲಿಸಿದವಳಿಗೆ ನಾನು ಅಕ್ಷರದಲ್ಲಿ ಮೋಸ ಮಾಡುವುದು ಹೇಗೆ?

"ಅಕ್ಕಾ, ಅದು ನಾನು ಮಾಡಿದ್ದು" ಎಂದೆ. ಖಾತೆಯ ವಿಷಯ, ಸಿಂಕ್ ವಿಷಯ, ಎಲ್ಲ ಹೇಳಿದೆ.

ಹೊರಗೆ ನೀರಿನ ಟ್ಯಾಂಕು ತುಂಬುವ ಸದ್ದು ಕೇಳುತ್ತಿತ್ತು.

"ಹಾಗಾದ್ರೆ ಕಣ್ಣಲ್ಲ" ಎಂದಳು.

"ಅಲ್ಲ ಅಕ್ಕ."

ಅವಳು ಕೈಯನ್ನು ತೆರೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಮುಖದ ಬೆಳಕು ಆರಿಹೋಯಿತು. ನನಗೆ ನೋಡಲಾಗಲಿಲ್ಲ.

"ಪೂರ್ತಿ ಕೇಳು. ದಿನಾ ಬೆಳಿಗ್ಗೆ ಚಿಕ್ಕದಾಗ್ತಿತ್ತಲ್ಲ, ಅದೂ ನಾನೇ. ಎಡಿಟರ್ ಕೆಟ್ಟಿದೆ ಅಂತ ದಿನಾ ಎದ್ದು ಇಳಿಸ್ತಿದ್ದೆ. ಅದೂ ಕಣ್ಣಲ್ಲ ಅಕ್ಕ. ನೀನು ಒಂದು ಸಲಾನಾದ್ರೂ ಅಳತೆ ಎಷ್ಟಿದೆ ಅಂತ ಸೆಟ್ಟಿಂಗ್ಸಲ್ಲಿ ನೋಡಬಾರದಿತ್ತಾ?"

"ಡಾಕ್ಟರು ಕಣ್ಣು ಕೆಡ್ತಿದೆ ಅಂದ ಮೇಲೆ ಕಂಪ್ಯೂಟರ್ ಮೇಲೆ ಯಾಕೆ ಅನುಮಾನ ಬರುತ್ತೆ?" ಎಂದಳು ಅಕ್ಕ. "ನೀನಾದ್ರೂ ನಿನ್ನ ಎಡಿಟರ್ ಬಿಟ್ಟು ಬೇರೆ ಯಾರ ಬಗ್ಗೆಯಾದ್ರೂ ಯೋಚನೆ ಮಾಡಬಾರದಿತ್ತಾ?"

ಕೀಬೋರ್ಡು ಎಳೆದುಕೊಂಡು ಅಕ್ಷರಗಳನ್ನು ಇಳಿಸುತ್ತ ಬಂದೆ. ನನ್ನ ಮೇಜಿನ ಮೇಲೆ ಮೊದಲ ದಿನ ಬೆಳೆದಿದ್ದವಲ್ಲ, ಆ ಜೇನುನೊಣದ ಅಳತೆಗೆ ನಿಲ್ಲಿಸಿದೆ. ಬೇಸಿಗೆಯ ಶುರುವಿನಲ್ಲಿ ಅಕ್ಕನಿಗೆ ಸಾಕಾಗಿದ್ದ ಅಳತೆ ಅದು.

"ಓದು."

ಅಕ್ಕ ತಲೆ ಓರೆ ಮಾಡಿದಳು. ತುಟಿ ಅಲುಗಾಡಿತು. ಆಗಲಿಲ್ಲ. ನಾನು ಒಂದೇ ಒಂದು ಹೆಜ್ಜೆ ಏರಿಸಿದೆ. ಅಕ್ಕ ಮತ್ತೆ ಬಗ್ಗಿದಳು. ನಿಧಾನಕ್ಕೆ ಓದತೊಡಗಿದಳು, ಚಿಕ್ಕಂದಿನಲ್ಲಿ ನನಗೆ ಓದಿಸುತ್ತಿದ್ದ ಅದೇ ರಾಗದಲ್ಲಿ: ಅಂಗಿಯ ಒಡೆಯರ ಮನೆಯೂ ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಬರೆದ ಮನೆಯೂ ಒಂದೇ ಅಲ್ಲದಿದ್ದರೆ ಕಳಿಸಬೇಡ, ತಡೆದು ನಿಲ್ಲಿಸು ಎಂಬರ್ಥದ ಸಾಲುಗಳವು. ಅವಳೇ ಬರೆದದ್ದು. ಸಾಲಿನ ಕೊನೆಯವರೆಗೂ ಓದಿದಳು. ಕೆಳಗಿನದನ್ನೂ ಓದಿದಳು.

"ಒಂದು ಹೆಜ್ಜೆ" ಎಂದೆ. "ಬೇಸಿಗೆಯೆಲ್ಲ ಸೇರಿ ಕಾಯಿಲೆ ತಗೊಂಡಿದ್ದು ಇದೊಂದು ಹೆಜ್ಜೆ. ಮಿಕ್ಕಿದ್ದೆಲ್ಲ ನನ್ನ ಕೈವಾಡ."

ಅಕ್ಕ ಆ ಸಾಲನ್ನು ಇನ್ನೊಮ್ಮೆ ಬೆರಳಿಟ್ಟು ಓದಿದಳು. ಆಮೇಲೆ ನನ್ನ ತಲೆಯ ಮೇಲೊಂದು ಮೊಟಕಿದಳು, ಗುರಿ ತಪ್ಪಿ ಕಿವಿಗೆ ಬಿತ್ತು.

"ದರಿದ್ರದವಳೇ, ಬೇಸಿಗೆ ಪೂರ್ತಿ ನನ್ನ ಪ್ರಾಣ ಹಿಂಡಿದ್ದೀಯಲ್ಲೇ" ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ನಾನಂತೂ ಅಳುತ್ತಿದ್ದೆ.

ಅಕ್ಕ ಕೆಲಸ ಬಿಡಲಿಲ್ಲ. ವಾರದ ಅರ್ಧ ದಿನಗಳು ಅವಳ ಮನೆಯಲ್ಲಿ, ಇನ್ನರ್ಧ ದಿನಗಳು ನಮ್ಮಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಕೂರುತ್ತೇವೆ. ಅವಳು ಹೇಳಿದ್ದಂತೆಯೇ ಬರೀ ಮಾತಾಗುತ್ತದೆ. ಖಾತೆಯನ್ನು ಬೇರೆ ಬೇರೆ ಮಾಡಿಕೊಂಡರೆ ನನ್ನ ಅಕ್ಷರ ನನ್ನಿಷ್ಟಕ್ಕೆ ಚಿಕ್ಕದಿರಬಹುದಿತ್ತು. ಅಕ್ಕನೇ ಹೇಳಿದಳು, ನಾನು ಒಪ್ಪಲಿಲ್ಲ. ಈಗ ನನ್ನ ತೆರೆಯ ಮೇಲಿನದನ್ನು ಎದುರು ಮನೆಯವರೂ ಓದಬಹುದು ಎಂದು ನಮ್ಮ ಮನೆಯವರು ರೇಗಿಸುತ್ತಾರೆ. ಓದಿಕೊಳ್ಳಲಿ.

ಬೆಳಿಗ್ಗೆ ಎದ್ದು ಮೊದಲು ಎಡಿಟರ್ ತೆರೆಯುವುದು ಈಗಲೂ ರೂಢಿ. ಹೆಚ್ಚಿನ ದಿನ ಅಕ್ಷರಗಳು ನಿನ್ನೆ ಇದ್ದಷ್ಟೇ ಇರುತ್ತವೆ, ನಾನು ಕಾಫಿ ಕುಡಿಯಲು ಏಳುತ್ತೇನೆ. ಎಂದಾದರೊಂದು ದಿನ ಅವು ಒಂದು ಹೆಜ್ಜೆ ದೊಡ್ಡವಾಗಿರುತ್ತವೆ. ಅಂದು ನಾನು ಏನನ್ನೂ ಇಳಿಸುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅಕ್ಕನ ಮನೆಗೆ ಹೊರಡುತ್ತೇನೆ.